6, 7, 8ನೇ ತರಗತಿ ಮಕ್ಕಳ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಪೀಣ್ಯ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ, ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಮಕ್ಕಳ ಅಪ್ಪ-ಅಮ್ಮಂದಿರಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರು, ಆಟೋ ಓಡಿಸುವವರು, ಗಾರೆ ಕೆಲಸದವರು ಜಾಸ್ತಿ. ಶಾಲೆ ಗೇಟಿನ ಹತ್ತಿರ, ಫೋನಿನಲ್ಲಿ, ಬಸ್ ಸ್ಟಾಪಿನಲ್ಲಿ ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಹೆಚ್ಚಿನ ಉತ್ತರಗಳು ಸರ್ಕಾರಿ ಶಾಲೆಗೆ ಸಂಬಂಧಿಸಿದವು. ಕೆಲವು ಖಾಸಗಿ ಶಾಲೆಯವರಿಗೂ ಅನ್ವಯಿಸುತ್ತವೆ.

ಮಿಡ್ಲ್ ಸ್ಕೂಲ್ ಅಂದರೆ ಯಾವ ಯಾವ ಕ್ಲಾಸು?

6, 7 ಮತ್ತು 8. ಆದರೆ ನಮ್ಮ ರಾಜ್ಯದ ಹೆಚ್ಚಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳು 7ಕ್ಕೇ ನಿಲ್ಲುತ್ತವೆ. 8ನೇ ತರಗತಿ ಹೈಸ್ಕೂಲಿನಲ್ಲಿ ಇರುತ್ತದೆ. ಕೆಲವು ಶಾಲೆಗಳಲ್ಲಿ 8ರವರೆಗೂ ಇದೆ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಾದರೆ ಎಲ್‌ಕೆಜಿಯಿಂದ ಪಿಯುವರೆಗೂ ಒಂದೇ ಕಡೆ. ನಿಮ್ಮ ಶಾಲೆ ಎಲ್ಲಿಗೆ ನಿಲ್ಲುತ್ತದೆ ಅಂತ ಮಗು ಆರಕ್ಕೆ ಬಂದಾಗಲೇ ಕೇಳಿಟ್ಟುಕೊಳ್ಳಿ.

ಐದರ ತನಕ ಚೆನ್ನಾಗಿ ಓದುತ್ತಿದ್ದ ಮಗು ಆರಕ್ಕೆ ಬಂದ ಕೂಡಲೇ ಯಾಕೆ ಹಿಂದೆ ಬೀಳುತ್ತದೆ?

ಎಲ್ಲ ಮಕ್ಕಳೂ ಹಿಂದೆ ಬೀಳುವುದಿಲ್ಲ. ಆದರೆ ಬೀಳುವುದಕ್ಕೆ ಕಾರಣ ಇದೆ, ಅದು ಮಗುವಿನ ಸೋಮಾರಿತನ ಅಲ್ಲ.

ಐದನೇ ತರಗತಿವರೆಗೆ ಪರಿಸರ ಅಧ್ಯಯನ ಅಂತ ಒಂದೇ ವಿಷಯ ಇರುತ್ತದೆ. ಆರರಲ್ಲಿ ಅದು ಒಡೆದು ವಿಜ್ಞಾನ ಬೇರೆ, ಸಮಾಜ ಬೇರೆ ಆಗುತ್ತದೆ. ಕನ್ನಡ, ಇಂಗ್ಲಿಷ್ ಜೊತೆಗೆ ಮೂರನೇ ಭಾಷೆ ಸೇರುತ್ತದೆ, ನಮ್ಮಲ್ಲಿ ಹೆಚ್ಚಾಗಿ ಹಿಂದಿ. ಅಂದರೆ ಹೊಸ ಲಿಪಿಯನ್ನೇ ಅ ಆ ಇ ಈ ಇಂದ ಶುರು ಮಾಡಬೇಕು. ಗಣಿತದಲ್ಲಿ ಎಣಿಸಿ, ಕೂಡಿಸಿ, ಕಳೆದು ಮಾಡುವ ಲೆಕ್ಕದಿಂದ ಅಕ್ಷರಗಳಿರುವ ಬೀಜಗಣಿತಕ್ಕೆ ಬರಬೇಕು. ಅಲ್ಲಿಯವರೆಗೆ ಒಬ್ಬರೇ ಟೀಚರ್ ಇಡೀ ದಿನ ಜೊತೆಗಿದ್ದು ಮಗುವಿನ ಮುಖ ನೋಡಿಯೇ ಊಟ ಮಾಡಿದೆಯೋ ಇಲ್ಲವೋ ಹೇಳುತ್ತಿದ್ದರು. ಈಗ ವಿಷಯಕ್ಕೊಬ್ಬರು ಬಂದು ಹೋಗುತ್ತಾರೆ.

ಇದೇ ವಯಸ್ಸಿನಲ್ಲಿ ಮೈ ಬದಲಾಗುತ್ತದೆ, ಗೆಳೆಯರ ಮಾತು ಅಪ್ಪ-ಅಮ್ಮನ ಮಾತಿಗಿಂತ ರುಚಿಸುತ್ತದೆ. ಮನೆಯಲ್ಲಿ ತಮ್ಮ-ತಂಗಿಯನ್ನು ನೋಡಿಕೊಳ್ಳುವ, ನೀರು ಹಿಡಿದಿಡುವ ಕೆಲಸವೂ ಇವರ ಪಾಲಿಗೇ ಬರುತ್ತದೆ. ಇಷ್ಟೆಲ್ಲ ಒಂದೇ ವರ್ಷದಲ್ಲಿ ಬಂದರೆ ಯಾರಿಗಾದರೂ ಕಷ್ಟವೇ ಅಲ್ವಾ? ಅದಕ್ಕೇ ಚಿಕ್ಕ ಮಕ್ಕಳಿಗಿಂತ ಈ ಮೂರು ತರಗತಿಯ ಮಕ್ಕಳ ಮನೆಗೇ ಶಾಲೆಯ ಸುದ್ದಿ ಹೆಚ್ಚು ಮುಟ್ಟಬೇಕು. ನಡೆಯುವುದು ಮಾತ್ರ ಉಲ್ಟಾ. ಮಗು ದೊಡ್ಡದಾಯಿತು, ಅದೇ ಹೇಳುತ್ತೆ ಬಿಡು ಅಂತ ಎರಡೂ ಕಡೆಯವರು ಸುಮ್ಮನಾಗುತ್ತಾರೆ.

ಶಾಲೆಯ ಸುದ್ದಿ ನಮಗೆ ಹೇಗೆ ಗೊತ್ತಾಗಬೇಕು?

ಮಗುವಿನ ದಿನಚರಿ ಪುಸ್ತಕ, ಶಾಲೆಯ ನೋಟಿಸ್ ಬೋರ್ಡ್, ವಾಟ್ಸಾಪ್ ಗುಂಪು, ಪೋಷಕರ ಸಭೆ. ಇಷ್ಟೂ ಇದ್ದರೂ ಸುದ್ದಿ ಮುಟ್ಟದೆ ಇರಬಹುದು. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇರುತ್ತದೆ, ಅದು ಅಪ್ಪನ ಜೇಬಿನಲ್ಲಿ ರಾತ್ರಿ ಒಂಬತ್ತರವರೆಗೆ ಊರೆಲ್ಲ ಸುತ್ತುತ್ತಿರುತ್ತದೆ. ಅವರು ಮನೆಗೆ ಬರುವಷ್ಟರಲ್ಲಿ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ನಮ್ಮ ಸೂಚನೆ ಹೂತುಹೋಗಿರುತ್ತದೆ. ಆದ್ದರಿಂದ ಎರಡು ಕೆಲಸ ಮಾಡಿ. ಅಮ್ಮನದು ಕೀಪ್ಯಾಡ್ ಫೋನ್ ಆದರೂ ಸರಿ, ಆ ನಂಬರನ್ನೂ ತರಗತಿ ಶಿಕ್ಷಕರಿಗೆ ಕೊಡಿ. ನಂಬರ್ ಬದಲಾದರೆ ಅದೇ ವಾರ ತಿಳಿಸಿ. ತುರ್ತು ಬಂದಾಗ ಹಳೇ ನಂಬರಿಗೆ ಕರೆ ಮಾಡಿ ಮಾಡಿ ನಾವು ಸೋತಿರುತ್ತೇವೆ.

ನಮ್ಮ ಕಡೆಯಿಂದಲೂ ಆಗಬೇಕಾದದ್ದು ಇದೆ. 'ಎಫ್‌ಎ-2 ಗಣಿತ, ಘಟಕ 4, 5' ಅಂತ ದಿನಚರಿಯಲ್ಲಿ ಬರೆದು ಕಳಿಸಿದರೆ ಮನೆಯವರಿಗೆ ಏನು ತಿಳಿಯಬೇಕು? ಅದನ್ನೇ ಹೀಗೆ ಬರೆಯಬಹುದು: 'ಬುಧವಾರ ಗಣಿತದ ಕಿರುಪರೀಕ್ಷೆ ಇದೆ. ಭಿನ್ನರಾಶಿ ಪಾಠ. ಇವತ್ತು ರಾತ್ರಿ ಪಾಠದ ಕೊನೆಯ ಐದು ಲೆಕ್ಕ ಮಾಡಲು ಹೇಳಿ. ಬಾರದ ಲೆಕ್ಕದ ಪಕ್ಕ ಗುರುತು ಹಾಕಿ ಕಳಿಸಿ, ನಾನು ಹೇಳಿಕೊಡುತ್ತೇನೆ.' ನಾಲ್ಕು ಸಾಲು ಜಾಸ್ತಿ ಅಷ್ಟೇ. ನಿಮ್ಮ ಮಗುವಿನ ದಿನಚರಿಯಲ್ಲಿ ಅರ್ಥವಾಗದ ಸೂಚನೆ ಬಂದರೆ, ಬಿಡಿಸಿ ಬರೆಯಿರಿ ಅಂತ ಶಿಕ್ಷಕರನ್ನು ಕೇಳಿ. ಶಿಕ್ಷಣ ಹಕ್ಕು ಕಾಯ್ದೆ, 2009ರ 24ನೇ ಸೆಕ್ಷನ್ ಪ್ರಕಾರ ಪೋಷಕರನ್ನು ಆಗಾಗ ಕರೆದು ಮಗುವಿನ ಹಾಜರಾತಿ, ಕಲಿಕೆ, ಪ್ರಗತಿ ತಿಳಿಸುವುದು ಶಿಕ್ಷಕರ ಕರ್ತವ್ಯ. ನೀವು ಕೇಳಿದರೆ ಉಪಕಾರ ಕೇಳಿದ ಹಾಗಲ್ಲ.

ನನಗೆ ಓದಲು ಬರುವುದಿಲ್ಲ. ನಾನು ಏನು ತಾನೇ ವಿಚಾರಿಸಲಿ?

ಎಲ್ಲವನ್ನೂ ವಿಚಾರಿಸಬಹುದು. ಶಿಕ್ಷಕರಿಗೆ ಹೇಳಿ: 'ಮೇಡಂ, ಬರೆದು ಕಳಿಸಬೇಡಿ, ಮಾತಿನಲ್ಲಿ ಕಳಿಸಿ.' ವಾಟ್ಸಾಪ್‌ನಲ್ಲಿ ಅರ್ಧ ನಿಮಿಷದ ಧ್ವನಿ ಸಂದೇಶ ಕಳಿಸುವುದು ಬರೆಯುವುದಕ್ಕಿಂತ ಸುಲಭ. ಕನ್ನಡ ಅಷ್ಟಾಗಿ ಬಾರದ ಮನೆಗಳೂ ನಮ್ಮಲ್ಲಿ ಬೇಕಾದಷ್ಟಿವೆ. ತೆಲುಗು, ಉರ್ದು, ತಮಿಳು, ಹಿಂದಿ ಮಾತಾಡುವ ಒಬ್ಬರಾದರೂ ಶಿಕ್ಷಕರಲ್ಲೋ ಅಡುಗೆ ಸಿಬ್ಬಂದಿಯಲ್ಲೋ ಬೇರೆ ಪೋಷಕರಲ್ಲೋ ಸಿಗುತ್ತಾರೆ. ಮಗುವಿನ ತೊಂದರೆಯ ಬಗ್ಗೆ ಮಾತಾಡುವಾಗ ಮಾತ್ರ ಅದೇ ಮಗುವಿನ ಕೈಲಿ ಅನುವಾದ ಮಾಡಿಸಬೇಡಿ. ಅದು ಮಗುವಿಗೂ ಕಷ್ಟ, ನಿಮಗೆ ಪೂರ್ತಿ ಸುದ್ದಿಯೂ ಸಿಗುವುದಿಲ್ಲ.

ಮನೆಯಲ್ಲಿ ಪಾಠ ಹೇಳಿಕೊಡಲು ಬಾರದಿದ್ದರೂ ಪರವಾಗಿಲ್ಲ. 'ಇವತ್ತು ವಿಜ್ಞಾನದಲ್ಲಿ ಏನು ಮಾಡಿದ್ರಿ, ನನಗೆ ಹೇಳು' ಅಂತ ಕೂರಿಸಿ ಕೇಳಿ. ಅರ್ಥವಾಗಿದ್ದರೆ ಮಗು ತನ್ನ ಮಾತಿನಲ್ಲಿ ಹೇಳುತ್ತದೆ, ಬಾಯಿಪಾಠ ಮಾಡಿದ್ದರೆ ಅರ್ಧಕ್ಕೇ ನಿಲ್ಲುತ್ತದೆ. ಇದನ್ನು ತಿಳಿಯಲು ಅಕ್ಷರ ಬೇಕಿಲ್ಲ.

ಪೋಷಕರ ಸಭೆಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಬರಲೇಬೇಕಾ?

ಬಂದರೆ ಒಳ್ಳೆಯದು. ಬರಲು ಆಗದಿದ್ದರೆ ಸುಮ್ನೆ ತಪ್ಪಿಸಬೇಡಿ, ಬೇರೆ ಸಮಯ ಕೇಳಿ. ಶನಿವಾರ ಬೆಳಿಗ್ಗೆ ತರಗತಿ ಶುರುವಾಗುವ ಮುಂಚೆ ಹತ್ತು ನಿಮಿಷ ಸಿಕ್ಕರೂ ಸಾಕು. ಅಜ್ಜಿಯೋ ಚಿಕ್ಕಮ್ಮನೋ ಬಂದರೂ ಆಗುತ್ತದೆ.

ಬಂದ ಮೇಲೆ 'ಹೇಗೆ ಓದ್ತಾನೆ?' ಅಂತ ಒಂದೇ ಪ್ರಶ್ನೆ ಕೇಳಿದರೆ 'ಪರವಾಗಿಲ್ಲ' ಅಂತ ಒಂದೇ ಉತ್ತರ ಬರುತ್ತದೆ. ಹೀಗೆ ಕೇಳಿ ನೋಡಿ: ಕನ್ನಡ ಪುಸ್ತಕದ ಒಂದು ಪುಟವನ್ನು ತಡವರಿಸದೆ ಓದುತ್ತಾನಾ? ಭಾಗಾಕಾರ ಬರುತ್ತಾ? ಈ ತಿಂಗಳು ಎಷ್ಟು ದಿನ ಬಂದಿಲ್ಲ? ಯಾರ ಪಕ್ಕ ಕೂರುತ್ತಾನೆ? ಗೊತ್ತಾಗದಿದ್ದರೆ ಕೈ ಎತ್ತಿ ಕೇಳುತ್ತಾನಾ? ಹಾಜರಾತಿ ಪ್ರಶ್ನೆಯನ್ನು ಯಾವತ್ತೂ ಬಿಡಬೇಡಿ. ಮನೆಯಿಂದ ಬ್ಯಾಗ್ ಹಾಕಿಕೊಂಡು ಹೊರಟ ಮಗು ಶಾಲೆಗೆ ಬಾರದೆ ಇರುವುದು ಏಳನೇ ಕ್ಲಾಸಿನ ಹೊತ್ತಿಗೆ ಶುರುವಾಗುತ್ತದೆ.

ಸಭೆ ಇಲ್ಲದ ದಿನವೂ ನಿಮ್ಮ ಮಾತಿಗೆ ಒಂದು ಜಾಗ ಇದೆ. ಅದು ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಸಭೆ ಯಾವಾಗ, ಸದಸ್ಯರು ಯಾರು ಅಂತ ಮುಖ್ಯ ಶಿಕ್ಷಕರನ್ನು ಕೇಳಿ.

ಎಫ್‌ಎ, ಎಸ್‌ಎ ಅಂದರೇನು?

ಎಫ್‌ಎ ಅಂದರೆ ರೂಪಣಾತ್ಮಕ ಮೌಲ್ಯಮಾಪನ, ವರ್ಷಕ್ಕೆ ನಾಲ್ಕು. ಪಾಠದ ಜೊತೆಗೇ ನಡೆಯುವ ಕಿರುಪರೀಕ್ಷೆ, ಚಟುವಟಿಕೆ, ಯೋಜನೆ ಎಲ್ಲ ಇದರಲ್ಲಿ ಬರುತ್ತವೆ. ಎಸ್‌ಎ ಅಂದರೆ ಸಂಕಲನಾತ್ಮಕ ಮೌಲ್ಯಮಾಪನ. ವರ್ಷಕ್ಕೆ ಎರಡು, ಒಂದು ದಸರಾ ರಜೆಯ ಹೊತ್ತಿಗೆ, ಇನ್ನೊಂದು ವರ್ಷದ ಕೊನೆಗೆ. ಪ್ರಗತಿ ಪತ್ರ ಬಂದಾಗ ಬರೀ ಗ್ರೇಡ್ ನೋಡಿ ಸಹಿ ಹಾಕಬೇಡಿ. ಉತ್ತರ ಪತ್ರಿಕೆ ತೋರಿಸಿ ಅಂತ ಕೇಳಿ. ಬಿ ಗ್ರೇಡ್ ಬಂದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಲೆಕ್ಕ ಬಂದಿರುವುದಿಲ್ಲ, ಇನ್ನೊಬ್ಬನಿಗೆ ಪ್ರಶ್ನೆ ಓದಲೇ ಬಂದಿರುವುದಿಲ್ಲ.

ಮಗುವನ್ನು ಫೇಲ್ ಮಾಡುತ್ತಾರಾ?

6 ಮತ್ತು 7ರಲ್ಲಿ ಅದೇ ತರಗತಿಯಲ್ಲಿ ಉಳಿಸುವ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ 5 ಮತ್ತು 8ನೇ ತರಗತಿಯಲ್ಲಿ ಪರೀಕ್ಷೆ ನಡೆಸಿ, ಮರುಪರೀಕ್ಷೆಗೂ ಅವಕಾಶ ಕೊಟ್ಟು, ಆಮೇಲೂ ಪಾಸಾಗದ ಮಗುವನ್ನು ಉಳಿಸುವ ಅಧಿಕಾರ ರಾಜ್ಯ ಸರ್ಕಾರಗಳಿಗೆ ಇದೆ. ಆದರೆ 8 ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ. ಫೇಲ್ ಆಗುವುದಿಲ್ಲ ಅಂದಮಾತ್ರಕ್ಕೆ ನೆಮ್ಮದಿ ಪಡಬೇಡಿ. ಓದಲು ಬಾರದೆ ಒಂಬತ್ತಕ್ಕೆ ಹೋದ ಮಗು ಅಲ್ಲಿ ಒಂಟಿಯಾಗುತ್ತದೆ.

ಓದಿನಲ್ಲಿ ಹಿಂದಿದ್ದಾಳೆ. ಟ್ಯೂಷನ್‌ಗೆ ಹಾಕಲಾ?

ಮೊದಲು ಶಾಲೆಯಲ್ಲೇ ಏನು ಸಿಗುತ್ತದೆ ಅಂತ ಕೇಳಿ. ವರ್ಷದ ಆರಂಭದಲ್ಲಿ ಸೇತುಬಂಧ ನಡೆಯುತ್ತದೆ. ಹಿಂದಿನ ತರಗತಿಯಲ್ಲಿ ಏನು ಬಿಟ್ಟುಹೋಗಿದೆ ಅಂತ ಪರೀಕ್ಷೆ ಮಾಡಿ, ಅದನ್ನು ಕಲಿಸಿ, ಆಮೇಲೆ ಹೊಸ ಪಾಠ ಶುರು ಮಾಡುವುದು ಅದರ ಉದ್ದೇಶ. ಜೂನ್ ತಿಂಗಳಲ್ಲಿ 'ಏನೂ ಪಾಠ ಮಾಡ್ತಿಲ್ಲ' ಅಂತ ಊರಿನಲ್ಲೇ ಉಳಿಸಿಕೊಂಡರೆ ಇದೇ ತಪ್ಪಿಹೋಗುತ್ತದೆ. ದಯವಿಟ್ಟು ಮೊದಲ ದಿನದಿಂದಲೇ ಕಳಿಸಿ.

ಪಠ್ಯಪುಸ್ತಕದಲ್ಲಿ ಚೌಕಾಕಾರದ ಕ್ಯೂಆರ್ ಕೋಡ್ ಇರುತ್ತದೆ. ದೀಕ್ಷಾ ಆ್ಯಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಜೋಡಿಸಿದ ವಿಡಿಯೊ, ಅಭ್ಯಾಸ ಪುಕ್ಕಟೆ ಸಿಗುತ್ತವೆ. ಪುಸ್ತಕ ಕಳೆದುಹೋದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪೂರ್ತಿ ಪುಸ್ತಕವೇ ಇದೆ. ಓದು ಕುಂಟುತ್ತಿದ್ದರೆ ದಿನಾ ರಾತ್ರಿ ಹತ್ತು ನಿಮಿಷ ಜೋರಾಗಿ ಓದಿಸಿ. ಕಥೆಯಾಗಲಿ, ಪೇಪರಿನ ಕ್ರಿಕೆಟ್ ಸುದ್ದಿಯಾಗಲಿ, ಯಾವುದಾದರೂ ಸರಿ. ಹತ್ತಿರದ ಸಾರ್ವಜನಿಕ ಗ್ರಂಥಾಲಯ ಎಲ್ಲಿದೆ ಅಂತ ತಿಳಿದುಕೊಳ್ಳಿ. ಭಾನುವಾರ ಕಬ್ಬನ್ ಪಾರ್ಕಿಗೆ ಹೋದರೆ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯವನ್ನು ತೋರಿಸಿ, ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೂ ಕರೆದೊಯ್ಯಿರಿ. ಎಂಜಿನ್, ಸನ್ನೆ, ವಿದ್ಯುತ್ ಎಲ್ಲವನ್ನೂ ಕಣ್ಣಾರೆ ಕಂಡ ಮಗುವಿಗೆ ಪುಸ್ತಕದ ವಿಜ್ಞಾನ ಬೇಗ ಹಿಡಿಯುತ್ತದೆ.

ಇಷ್ಟಾದ ಮೇಲೂ ಟ್ಯೂಷನ್ ಬೇಕು ಅನ್ನಿಸಿದರೆ ಹಾಕಿ, ತಪ್ಪಿಲ್ಲ. ಆದರೆ ಶಾಲೆಯ ಶಿಕ್ಷಕರೇ ದುಡ್ಡು ತೆಗೆದುಕೊಂಡು ಮನೆಪಾಠ ಮಾಡುವ ಹಾಗಿಲ್ಲ. ಅದು ಕಾಯ್ದೆಯಲ್ಲೇ ಇದೆ.

ಎಷ್ಟು ಹೇಳಿಕೊಟ್ಟರೂ ಅಕ್ಷರ ತಲೆಗೆ ಹತ್ತುವುದಿಲ್ಲ. ಮಗುವಿಗೆ ಏನಾಗಿದೆ?

'ದಡ್ಡ' ಅನ್ನುವ ಮಾತನ್ನು ಪಕ್ಕಕ್ಕಿಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬೋರ್ಡ್ ಕಾಣದೆ ಪಕ್ಕದವನ ಪುಸ್ತಕ ನೋಡಿ ಬರೆಯುವ ಮಕ್ಕಳು ಎಷ್ಟೋ ತಿಂಗಳು ಯಾರಿಗೂ ಗೊತ್ತಾಗದೆ ಇರುತ್ತಾರೆ. ಕೆ.ಆರ್. ಮಾರುಕಟ್ಟೆ ಹತ್ತಿರದ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆಯಲ್ಲಿ ತೋರಿಸಬಹುದು.

ಕಣ್ಣು ಕಿವಿ ಸರಿಯಿದ್ದು, ಮಾತಿನಲ್ಲಿ ಚುರುಕಾಗಿದ್ದು, ಓದು ಬರಹದಲ್ಲಿ ಮಾತ್ರ ತೊಡಕಿದ್ದರೆ ಅದು ನಿರ್ದಿಷ್ಟ ಕಲಿಕಾ ನ್ಯೂನತೆ ಇರಬಹುದು. ಅಕ್ಷರ ಅದಲು ಬದಲಾಗುತ್ತದೆ, ಬೋರ್ಡಿನಿಂದ ಬರೆದುಕೊಳ್ಳಲು ವಿಪರೀತ ಹೊತ್ತು ಹಿಡಿಯುತ್ತದೆ, ಬಾಯಲ್ಲಿ ಸರಿಯಾಗಿ ಹೇಳಿದ ಉತ್ತರ ಕಾಗದದ ಮೇಲೆ ಬರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಇದೂ ಒಂದು. ತರಗತಿ ಶಿಕ್ಷಕರ ಜೊತೆ ಮಾತಾಡಿ. ನಮ್ಮ ಬ್ಲಾಕ್‌ಗಳಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಶಿಕ್ಷಕರು ಇರುತ್ತಾರೆ. ಅವರನ್ನು ಕರೆಸಿ ಅಂತ ಮುಖ್ಯ ಶಿಕ್ಷಕರನ್ನು ಕೇಳಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರ ವಿಭಾಗವೇ ಇದೆ, ಅಲ್ಲಿ ತಪಾಸಣೆ ಆಗುತ್ತದೆ. ನಿಮ್ಹಾನ್ಸ್ ಅಂದ ತಕ್ಷಣ ನೆಂಟರು ಏನಂದಾರು ಅಂತ ಹಿಂಜರಿಯುವ ಅಪ್ಪ-ಅಮ್ಮಂದಿರನ್ನು ನೋಡಿದ್ದೇನೆ. ನೆಂಟರಿಗೆ ಹೇಳುವ ಅಗತ್ಯವೇ ಇಲ್ಲ. ಹೋಗುವಾಗ ಮಗುವಿನ ನೋಟ್ ಪುಸ್ತಕಗಳನ್ನು ತೆಗೆದುಕೊಂಡು ಹೋಗಿ. ಮಗು ಎಲ್ಲಿ ತಡವರಿಸುತ್ತದೆ ಅಂತ ತರಗತಿ ಶಿಕ್ಷಕರ ಕೈಲಿ ಒಂದು ಪುಟ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಊಟ, ಹಾಲು, ಮೊಟ್ಟೆ ಎಲ್ಲರಿಗೂ ಇದೆಯಾ?

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಇದೆ. ಅಕ್ಷರ ದಾಸೋಹದ ಬಿಸಿಯೂಟ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, ಮೊಟ್ಟೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಶೂ-ಸಾಕ್ಸ್‌ಗೂ ದುಡ್ಡಿಲ್ಲ.

ಯಾವ ವಿದ್ಯಾರ್ಥಿವೇತನ ಸಿಗುತ್ತದೆ?

8ನೇ ತರಗತಿಯವರು ಮರೆಯಬಾರದ್ದು ಎನ್‌ಎಂಎಂಎಸ್. ಕುಟುಂಬದ ವರ್ಷದ ಆದಾಯ ಮೂರೂವರೆ ಲಕ್ಷ ರೂಪಾಯಿ ದಾಟಬಾರದು, ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಓದುತ್ತಿರಬೇಕು. ಪರೀಕ್ಷೆ ಬರೆದು ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಈ ಪರೀಕ್ಷೆಗೆ ಕೂರಲು ಏಳನೇ ತರಗತಿಯಲ್ಲಿ ಶೇ. 55 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 5 ರಿಯಾಯಿತಿ ಇದೆ. ಏಳರಲ್ಲಿ ಫೇಲ್ ಇಲ್ಲವಲ್ಲ ಅಂತ ಓದದೆ ಬಿಟ್ಟವರಿಗೆ ಎಂಟರಲ್ಲಿ ಇದು ಕೈತಪ್ಪುತ್ತದೆ. ಅದಕ್ಕೇ ಇದನ್ನು ಏಳನೇ ತರಗತಿಯ ಪೋಷಕರಿಗೇ ಮೊದಲು ಹೇಳುತ್ತೇನೆ. ಅರ್ಜಿ ಶಾಲೆಯ ಮೂಲಕ ಹೋಗುತ್ತದೆ.

ಇದಲ್ಲದೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನಗಳಿವೆ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಮಾಡಿಸಿದವರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನ ಇದೆ. ಗಾರೆ, ಪೇಂಟಿಂಗ್, ಸೆಂಟ್ರಿಂಗ್ ಕೆಲಸದವರು ಇನ್ನೂ ಕಾರ್ಡ್ ಮಾಡಿಸಿಲ್ಲದಿದ್ದರೆ ಮಾಡಿಸಿಕೊಳ್ಳಿ.

ಹಣ ನಿಲ್ಲುವುದು ಹೆಚ್ಚಾಗಿ ಕಾಗದದಲ್ಲಿ. ಆಧಾರ್‌ನಲ್ಲಿ ಒಂದು ಹೆಸರು, ಶಾಲಾ ದಾಖಲೆಯಲ್ಲಿ ಇನ್ನೊಂದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಜಾತಿ-ಆದಾಯ ಪ್ರಮಾಣ ಪತ್ರಕ್ಕೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಹಾಕಿಡಿ. ಕೊನೇ ದಿನ ಸೈಬರ್ ಸೆಂಟರಿನಲ್ಲಿ ಸರ್ವರ್ ಸಿಗುವುದಿಲ್ಲ.

ಬಸ್ ಪಾಸ್?

ಬಿಎಂಟಿಸಿ ವಿದ್ಯಾರ್ಥಿ ಪಾಸಿಗೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಪ್ರಯಾಣ ಉಚಿತ, ಗುರುತಿನ ಚೀಟಿ ಜೊತೆಗಿರಲಿ.

ಮಳೆ ಜೋರಾಗಿದೆ. ರಜೆ ಇದೆಯೋ ಇಲ್ಲವೋ?

ಮಳೆಯ ರಜೆ ಘೋಷಿಸುವುದು ಜಿಲ್ಲಾಧಿಕಾರಿ. ಯಾರೋ ಕಳಿಸಿದ ಹಳೇ ವರ್ಷದ ಆದೇಶದ ಫೋಟೊ ನೋಡಿ ಮಗುವನ್ನು ಉಳಿಸಿಕೊಳ್ಳಬೇಡಿ. ದಿನಾಂಕ ನೋಡಿ, ಇಲ್ಲ ಅಂದರೆ ತರಗತಿ ಶಿಕ್ಷಕರಿಗೆ ಒಂದು ಕರೆ ಮಾಡಿ.

ಮಗಳು ದೊಡ್ಡವಳಾದಳು. ಶಾಲೆಗೆ ಹೇಳಬೇಕಾ?

ಮೇಡಂ ಒಬ್ಬರಿಗೆ ಹೇಳಿಡಿ. ಹೊಟ್ಟೆನೋವು ಬಂದರೆ, ಬಟ್ಟೆ ಕಲೆಯಾದರೆ ಅವಳು ಯಾರ ಹತ್ತಿರ ಹೋಗಬೇಕು ಅಂತ ಗೊತ್ತಿರಬೇಕಲ್ವಾ. ಶುಚಿ ಯೋಜನೆಯಲ್ಲಿ ಶಾಲೆಗೆ ಸ್ಯಾನಿಟರಿ ಪ್ಯಾಡ್ ಬರುತ್ತದೆ, ಕೇಳಿ ಪಡೆಯಲಿ. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಊಟ ಆದಮೇಲೆ ನುಂಗಲು ಹೇಳಿ. ಅದು ಗಂಡುಮಕ್ಕಳಿಗೂ ಇದೆ. ಶೌಚಾಲಯಕ್ಕೆ ನೀರಿಲ್ಲ, ಬಾಗಿಲಿಗೆ ಚಿಲಕ ಇಲ್ಲ ಅಂತ ಮಗಳು ಹೇಳಿದರೆ ಅದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಎಸ್‌ಡಿಎಂಸಿ ಸಭೆಯಲ್ಲಿ ಎತ್ತಿ. ಈ ಕಾರಣಕ್ಕೇ ತಿಂಗಳಿಗೆ ನಾಲ್ಕು ದಿನ ಶಾಲೆ ತಪ್ಪಿಸುವ ಹುಡುಗಿಯರಿದ್ದಾರೆ.

ಮಗ ಮಂಕಾಗಿದ್ದಾನೆ, ಯಾರ ಜೊತೆಗೂ ಮಾತಿಲ್ಲ. ಯಾರಿಗೆ ಹೇಳಲಿ?

ಮೊದಲು ನೀವು ಅವನ ಪಕ್ಕ ಸುಮ್ಮನೆ ಕೂರಿ. ಬೈಯುವುದು, ಮೊಬೈಲ್ ಕಿತ್ತುಕೊಳ್ಳುವುದು ಆಮೇಲೆ. ತರಗತಿ ಶಿಕ್ಷಕರಿಗೆ ಹೇಳಿದರೆ ಶಾಲೆಯಲ್ಲಿ ಏನಾದರೂ ನಡೆದಿದೆಯಾ ಅಂತ ನಾವು ಗಮನಿಸುತ್ತೇವೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತಾಡಿದರೆ ತಮಾಷೆ ಅಂದುಕೊಳ್ಳಬೇಡಿ, ಒಂಟಿಯಾಗಿ ಬಿಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಶಾಲೆಯಲ್ಲಿ ಹೊಡೆದರೆ, ಅಥವಾ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ?

ಹೊಡೆಯುವುದು, ಹಂಗಿಸುವುದು ಎರಡೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷೇಧ. ನಾನೂ ಶಿಕ್ಷಕನೇ, ಆದರೂ ಹೇಳುತ್ತೇನೆ: 'ನಾಲ್ಕು ಬಿಟ್ಟು ಬುದ್ಧಿ ಕಲಿಸಿ ಸಾರ್' ಅಂತ ನಮಗೆ ಅನುಮತಿ ಕೊಡಬೇಡಿ. ಅಂಥದ್ದು ನಡೆದರೆ ಮುಖ್ಯ ಶಿಕ್ಷಕರಿಗೆ, ಆಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಇದೆ, ಮಗುವೇ ಕರೆ ಮಾಡಬಹುದು. ಲೈಂಗಿಕ ಕಿರುಕುಳವಾದರೆ ಶಾಲೆಯಲ್ಲೋ ಓಣಿಯಲ್ಲೋ ರಾಜಿ ಮಾಡಿಕೊಳ್ಳುವ ಮಾತೇ ಇಲ್ಲ. ಅದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಪೊಲೀಸರಿಗೆ ಅಥವಾ 1098ಕ್ಕೆ ತಕ್ಷಣ ತಿಳಿಸಿ.

ಕೆಲಸ ಮುಗಿಯಿತು, ಊರಿಗೆ ಹೊರಟಿದ್ದೇವೆ. ಮಗುವಿನ ಓದಿನ ಗತಿ?

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಮನೆಗಳಲ್ಲಿ ಇದು ಪ್ರತಿ ವರ್ಷದ ಮಾತು. ಹೊರಡುವ ಮುಂಚೆ ಶಾಲೆಗೆ ಬಂದು ಹೇಳಿ, ಅಷ್ಟೇ ಸಾಕು. ವರ್ಗಾವಣೆ ಪತ್ರ, ಅಂದರೆ ಟಿಸಿ, ಕೇಳಿದ ಕೂಡಲೇ ಕೊಡಬೇಕು. ಟಿಸಿ ಬರುವುದು ತಡವಾಯಿತು ಅಂತ ಹೊಸ ಶಾಲೆಯವರು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ಹುಟ್ಟಿದ ದಿನಾಂಕದ ದಾಖಲೆ ಇಲ್ಲ ಅಂತಲೂ, ವರ್ಷದ ನಡುವೆ ಬಂದಿರಿ ಅಂತಲೂ ವಾಪಸ್ ಕಳಿಸುವ ಹಾಗಿಲ್ಲ. ಮಗುವಿನ ಎಸ್‌ಎಟಿಎಸ್ ಸಂಖ್ಯೆಯನ್ನು, ಅಂದರೆ ಇಲಾಖೆಯ ಕಂಪ್ಯೂಟರ್ ದಾಖಲೆಯಲ್ಲಿ ಮಗುವಿಗಿರುವ ಸಂಖ್ಯೆಯನ್ನು, ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಫೋನಿನಲ್ಲೂ ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮ ರಾಜ್ಯದ ಯಾವ ಊರಿನ ಸರ್ಕಾರಿ ಶಾಲೆಗೆ ಹೋದರೂ ಆ ಸಂಖ್ಯೆಯಿಂದ ಮಗುವಿನ ದಾಖಲೆ ಸಿಗುತ್ತದೆ. ಶಾಲೆ ಬಿಟ್ಟು ಬಹಳ ದಿನವಾಗಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು ಅನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಹದಿಮೂರರ ಹುಡುಗನನ್ನು ನಾಲ್ಕನೇ ಕ್ಲಾಸಿನ ಬೆಂಚಿನಲ್ಲಿ ಕೂರಿಸಿದರೆ ಅವನು ವಾರದೊಳಗೆ ಬಿಟ್ಟು ಹೋಗುತ್ತಾನೆ.

ಏಳು ಮುಗಿಯಿತು. ಎಂಟಕ್ಕೆ ಎಲ್ಲಿ, ಹೇಗೆ ಸೇರಿಸುವುದು?

ಏಪ್ರಿಲ್ ಹತ್ತರ ಆಸುಪಾಸಿಗೆ ಫಲಿತಾಂಶ ಬರುತ್ತದೆ. ಆ ದಿನ ಖುದ್ದಾಗಿ ಬಂದು ಟಿಸಿಗೆ ಅರ್ಜಿ ಕೊಡಿ. ಟಿಸಿ ಕೈಗೆ ಬಂದಾಗ ಹೆಸರು, ತಂದೆ-ತಾಯಿ ಹೆಸರು, ಹುಟ್ಟಿದ ದಿನಾಂಕ, ಜಾತಿ ಇಷ್ಟನ್ನೂ ಅಲ್ಲೇ ನಿಂತು ಓದಿಸಿ ನೋಡಿ. ತಪ್ಪಿದ್ದರೆ ಆಗಲೇ ತಿದ್ದಿಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಇದೇ ವಿವರ ಹೋಗುತ್ತದೆ. ಹತ್ತಿರದ ಸರ್ಕಾರಿ ಹೈಸ್ಕೂಲ್ ಯಾವುದು, ಅಲ್ಲಿ ಕನ್ನಡ ಮಾಧ್ಯಮ ಇದೆಯಾ, ಇಂಗ್ಲಿಷ್ ಮಾಧ್ಯಮ ಇದೆಯಾ ಅಂತ ಬೇಸಿಗೆ ರಜೆಗೆ ಮುಂಚೆಯೇ ಮಗುವನ್ನು ಕರೆದುಕೊಂಡು ಹೋಗಿ ನೋಡಿ ಬನ್ನಿ. ಮುಖ್ಯ ರಸ್ತೆ ದಾಟಬೇಕಾ, ಬಸ್ ಬೇಕಾ ಅಂತ ಅವತ್ತೇ ತಿಳಿಯುತ್ತದೆ. ಯಾರ ಜೊತೆ ಹೋಗಿ ಬರಬಹುದು ಅಂತ ಓಣಿಯ ಬೇರೆ ಮಕ್ಕಳ ಮನೆಯಲ್ಲೂ ಕೇಳಿ. ಜೂನ್ ಮುಗಿದರೂ ಎಂಟಕ್ಕೆ ಸೇರದ ಮಕ್ಕಳ ಪಟ್ಟಿ ಹಿಡಿದು ನಾವು ಮನೆ ಮನೆಗೆ ಬರುತ್ತೇವೆ. ನಾವು ಬರುವ ಮೊದಲೇ ಸೇರಿಸಿದ್ದರೆ, ಯಾವ ಶಾಲೆ ಅಂತ ಹಳೇ ತರಗತಿ ಶಿಕ್ಷಕರಿಗೆ ಒಂದು ಫೋನ್ ಮಾಡಿ ಹೇಳಿ.